ನವೆಂಬರ್ 2ರ ರಾತ್ರಿ ಪಾಳಿ: ದಾವಣಗೆರೆಯ ಪೇರೋಲ್ ಡೇಟಾಬೇಸಿನ ಒಂದು ಪ್ರಕರಣ

ದಾವಣಗೆರೆ ಹತ್ತಿ ಗಿರಣಿಗಳ ಊರು. ಪಾಳಿ ಲೆಕ್ಕ ಇಲ್ಲಿಗೆ ಹೊಸದೇನಲ್ಲ. ರಾತ್ರಿ 11ಕ್ಕೆ ಒಳಗೆ ಹೋಗಿ ಬೆಳಗ್ಗೆ 7ಕ್ಕೆ ಹೊರಗೆ ಬಂದರೆ ಎಂಟು ಗಂಟೆ, ಅದರಲ್ಲಿ ಎರಡನೇ ಮಾತಿಲ್ಲ. ಆದರೆ ಈಗ ಇದೇ ಊರಿನಲ್ಲಿ ಕೂತು ಅಮೆರಿಕದ ಪಾಳಿಗಳಿಗೆ ಸಂಬಳ ಪಟ್ಟಿ ಮಾಡುವವರಿಗೆ ಆ ಎಂಟು ಗಂಟೆ ವರ್ಷಕ್ಕೊಮ್ಮೆ ಏಳಾಗುತ್ತದೆ, ಇನ್ನೊಮ್ಮೆ ಒಂಬತ್ತಾಗುತ್ತದೆ. ಇಲ್ಲಿ ವಿವರಿಸುವುದು ಅಂಥ ಒಂದು ಪ್ರಕರಣ. ಕಚೇರಿಯ ವಿವರಗಳನ್ನು ಓದಲು ಅನುಕೂಲವಾಗುವಷ್ಟು ಸರಳಗೊಳಿಸಿದ ಮಾದರಿ ಎಂದೇ ತಿಳಿಯಿರಿ. ಗಡಿಯಾರದ ಲೆಕ್ಕ, ಡೇಟಾಬೇಸಿನ ನಡವಳಿಕೆ ಮಾತ್ರ ನಿಜವಾದವು. ಇಲ್ಲಿರುವ ಯಾವ ಉತ್ತರವನ್ನಾದರೂ ನೀವೇ ಹಾಕಿ ನೋಡಬಹುದು.

ಕಚೇರಿ ಪಿ.ಜೆ. ಬಡಾವಣೆಯಲ್ಲಿದೆ. ನ್ಯೂಜೆರ್ಸಿಯ ಮೂರು ವೃದ್ಧಾಶ್ರಮಗಳು, ಇಲಿನಾಯ್‌ನ ಒಂದು ವೃದ್ಧಾಶ್ರಮ ಇದರ ಗ್ರಾಹಕರು. ಅಲ್ಲಿನ ಆರೈಕೆ ಸಿಬ್ಬಂದಿ ಗೋಡೆಯ ಪಂಚಿಂಗ್ ಯಂತ್ರದಲ್ಲಿ ಬೆರಳೊತ್ತುತ್ತಾರೆ. ದಿನಕ್ಕೆ ಹಲವು ಬಾರಿ ಆ ಫೈಲು ದಾವಣಗೆರೆಯ ಪೋಸ್ಟ್‌ಗ್ರೆಸ್ 15 ಡೇಟಾಬೇಸಿಗೆ ಬಂದು ಸೇರುತ್ತದೆ. ಪಾಳಿಪಟ್ಟಿ, ತಡವಾಗಿ ಬಂದವರ ಪಟ್ಟಿ, ದಿನದ ವರದಿ, ಎರಡು ವಾರಕ್ಕೊಮ್ಮೆ ಸಂಬಳದ ಗಂಟೆಗಳು, ಎಲ್ಲವೂ ಇದರಿಂದಲೇ ಹೊರಡುತ್ತವೆ. ಸರ್ವರಿನ ಟೈಮ್‌ಝೋನ್ ಏಷ್ಯಾ/ಕೋಲ್ಕತಾ, ಅಂದರೆ ಭಾರತದ ಸಮಯ. ಯಾರೂ ಬೇಕೆಂದು ಇಟ್ಟದ್ದಲ್ಲ, ಸರ್ವರ್ ಹಾಕುವಾಗ ತಾನಾಗಿ ಬಂದದ್ದು. ಈ ಒಂದು ಸಾಲು ಮುಂದೆ ಮತ್ತೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಸೋಮವಾರ ಕಂಡದ್ದು

2025ರ ನವೆಂಬರ್ 1 ಶನಿವಾರ, ರಾಜ್ಯೋತ್ಸವದ ರಜೆ. ಮರುದಿನ ಭಾನುವಾರ. ಹಾಗಾಗಿ ಶನಿವಾರ ರಾತ್ರಿ ನ್ಯೂಜೆರ್ಸಿಯಲ್ಲಿ ಏನಾಯಿತೆಂದು ಇಲ್ಲಿ ನೋಡಿದ್ದು ಸೋಮವಾರ ಬೆಳಗ್ಗೆ. ಒಟ್ಟಿಗೆ ಮೂರು ದೂರು ಎದುರಿಗೆ ಬಂದವು. ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲವೇನೋ ಎನ್ನುವಂತಿದ್ದವು.

ಮೊದಲನೆಯದು, ಫೈಲು ಒಳಗೆ ತೆಗೆದುಕೊಳ್ಳುವ ಪ್ರೋಗ್ರಾಮು ಭಾನುವಾರ ನಾಲ್ಕು ಸಾಲುಗಳನ್ನು ತಿರಸ್ಕರಿಸಿತ್ತು. ನಾಲ್ಕೂ ವಿರಾಮದ ಸಾಲುಗಳು. ಒಂದರಲ್ಲಿ ವಿರಾಮಕ್ಕೆ ಹೋದದ್ದು 1:50, ವಾಪಸು ಬಂದದ್ದು 1:10. ‘ಮುಗಿದ ಸಮಯ ಶುರುವಾದ ಸಮಯಕ್ಕಿಂತ ದೊಡ್ಡದಿರಬೇಕು’ ಎಂಬ ಚೆಕ್ ಕನ್‌ಸ್ಟ್ರೇಂಟ್ ಅದನ್ನು ತಡೆದಿತ್ತು. ಎರಡನೆಯದು, ಭಾನುವಾರ ರಾತ್ರಿ ಪಾಳಿಗೆ ಬಂದ ಅಷ್ಟೂ ಜನ ‘ಒಂದು ಗಂಟೆ ತಡ’ ಎಂದು ಪಟ್ಟಿಯಲ್ಲಿ ಕೆಂಪಾಗಿದ್ದರು. ಮೂರನೆಯದು ವಿಚಿತ್ರ. ಭಾನುವಾರದ ದಿನದ ವರದಿಯಲ್ಲಿ ರಾತ್ರಿ 10:54ಕ್ಕೆ ಬೆರಳೊತ್ತಿದವರು ಇದ್ದರು, 11:00ಕ್ಕೆ ಮತ್ತು 11:03ಕ್ಕೆ ಒತ್ತಿದವರು ಇರಲಿಲ್ಲ. ಸೋಮವಾರದ ವರದಿಯಲ್ಲೂ ಅವರು ಇರಲಿಲ್ಲ.

ದೂರು ಬಾರದೇ ಉಳಿದದ್ದು ಇನ್ನೊಂದಿತ್ತು, ಹಣದ ಲೆಕ್ಕದಲ್ಲಿ ಅದೇ ದೊಡ್ಡದು. ಶನಿವಾರ ರಾತ್ರಿ 11ರಿಂದ ಭಾನುವಾರ ಬೆಳಗ್ಗೆ 7ರವರೆಗೆ ದುಡಿದವರಿಗೆ ಡೇಟಾಬೇಸು ಎಂಟು ಗಂಟೆ ಕೊಟ್ಟಿತ್ತು. ದುಡಿದದ್ದು ಒಂಬತ್ತು.

ಆ ರಾತ್ರಿ ಗಡಿಯಾರ ಹೇಗೆ ನಡೆಯಿತು

ಅಮೆರಿಕದಲ್ಲಿ 2007ರಿಂದ ನಡೆಯುತ್ತಿರುವ ನಿಯಮ ಇದು. ಮಾರ್ಚ್‌ನ ಎರಡನೇ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಗಡಿಯಾರ 3ಕ್ಕೆ ಹಾರುತ್ತದೆ. ನವೆಂಬರ್‌ನ ಮೊದಲ ಭಾನುವಾರ 2 ಗಂಟೆ ಆದೊಡನೆ ಮತ್ತೆ 1ಕ್ಕೆ ಬರುತ್ತದೆ. ನ್ಯೂಜೆರ್ಸಿ ಬೇಸಿಗೆಯಲ್ಲಿ ಯುಟಿಸಿಗಿಂತ (ಎಲ್ಲ ದೇಶಗಳ ಗಡಿಯಾರಕ್ಕೂ ಅಳತೆಯಾದ ಮೂಲ ಸಮಯ) 4 ಗಂಟೆ ಹಿಂದೆ, ಚಳಿಗಾಲದಲ್ಲಿ 5 ಗಂಟೆ ಹಿಂದೆ. ಆ ರಾತ್ರಿಯನ್ನು ಮೂರು ಗಡಿಯಾರಗಳಲ್ಲಿ ಬರೆದರೆ ಹೀಗೆ:

| ನ್ಯೂಜೆರ್ಸಿ | ಯುಟಿಸಿ | ದಾವಣಗೆರೆ |
|---|---|---|
| ಶನಿ ರಾತ್ರಿ 11:00 (ಬೇಸಿಗೆ) | 03:00 | ಭಾನು 8:30 |
| ಭಾನು 1:30 (ಬೇಸಿಗೆ) | 05:30 | 11:00 |
| ಭಾನು 1:30 (ಚಳಿಗಾಲ) | 06:30 | 12:00 |
| ಭಾನು 7:00 (ಚಳಿಗಾಲ) | 12:00 | ಸಂಜೆ 5:30 |

ಯುಟಿಸಿ ಸಾಲಿನಲ್ಲಿ 03:00ರಿಂದ 12:00, ಒಂಬತ್ತು ಗಂಟೆ. ವಿರಾಮದ ಸಾಲೂ ಇಲ್ಲೇ ಬಿಡಿಸಿಕೊಳ್ಳುತ್ತದೆ: ಬೇಸಿಗೆಯ 1:50 ಅಂದರೆ 05:50, ಚಳಿಗಾಲದ 1:10 ಅಂದರೆ 06:10. ವಿರಾಮ 20 ನಿಮಿಷದ್ದು. ಯಂತ್ರ ಸುಳ್ಳು ಹೇಳಿರಲಿಲ್ಲ, ಕನ್‌ಸ್ಟ್ರೇಂಟೂ ತಪ್ಪಿರಲಿಲ್ಲ.

ಇಲಿನಾಯ್‌ನಲ್ಲಿ ಇದೇ ಬದಲಾವಣೆ ಯುಟಿಸಿ ಲೆಕ್ಕದಲ್ಲಿ ಒಂದು ಗಂಟೆ ತಡವಾಗಿ, 07:00ಕ್ಕೆ ಆಗುತ್ತದೆ. ಯುರೋಪಿನ ಒಕ್ಕೂಟದ ದೇಶಗಳೆಲ್ಲ ಒಂದೇ ಕ್ಷಣಕ್ಕೆ, ಯುಟಿಸಿ 01:00ಕ್ಕೆ ಬದಲಾಯಿಸುತ್ತವೆ. ಅಮೆರಿಕದಲ್ಲಿ ಹಾಗಲ್ಲ, ಪ್ರತಿ ವಲಯವೂ ತನ್ನ 2 ಗಂಟೆಗೆ ಕಾಯುತ್ತದೆ. ಅದರಿಂದ ನಮ್ಮ 11:30ರಿಂದ 12:30ರವರೆಗೆ ಒಂದು ಗಂಟೆ ಕಾಲ ನ್ಯೂಜೆರ್ಸಿ ಮತ್ತು ಇಲಿನಾಯ್‌ನ ಗೋಡೆ ಗಡಿಯಾರಗಳು ಒಂದೇ ಸಮಯ ತೋರಿಸುತ್ತಿದ್ದವು. ‘ಇಲಿನಾಯ್ ಅಂದರೆ ನ್ಯೂಜೆರ್ಸಿ ಮೈನಸ್ ಒಂದು’ ಎಂದು ಕೋಡಿನಲ್ಲಿ ಬರೆದಿದ್ದವರಿಗೆ ಇದು ಸಾಕಷ್ಟು ಉತ್ತರ.

ಡೇಟಾಬೇಸಿನೊಳಗೆ ಅವಧಿ ಅಂದರೆ ಏನು

ಮೂರೂ ದೂರಿನ ಬೇರು ಒಂದೇ. ಅವಧಿ ಎಂಬುದು ಎರಡು ಬೇರೆ ಬೇರೆ ವಸ್ತು. ಒಂದು, ನಿಜವಾಗಿ ಕಳೆದ ಕಾಲ, ಸೆಕೆಂಡುಗಳಲ್ಲಿ ಎಣಿಸುವಂಥದು. ಇನ್ನೊಂದು, ಕ್ಯಾಲೆಂಡರಿನ ಹೆಜ್ಜೆ. ‘ನಾಳೆ ಇದೇ ಹೊತ್ತಿಗೆ’ ಅನ್ನುವಂಥದು. ಸಂಬಳಕ್ಕೆ ಮೊದಲನೆಯದು ಬೇಕು, ಪಾಳಿಪಟ್ಟಿಗೆ ಎರಡನೆಯದು. ಭಾರತದಲ್ಲಿ ಕೂತವರಿಗೆ ಎರಡೂ ಒಂದೇ ಆಗಿ ಕಾಣುವುದರಿಂದ ಕೋಡಿನಲ್ಲಿ ಕೈಗೆ ಸಿಕ್ಕಿದ್ದನ್ನು ಬಳಸಿಬಿಡುತ್ತೇವೆ.

ಪೋಸ್ಟ್‌ಗ್ರೆಸ್ ಈ ಭೇದವನ್ನು ಚೆನ್ನಾಗಿಯೇ ಇಟ್ಟುಕೊಂಡಿದೆ. ಅವಧಿಯನ್ನು ಇಡುವ ಅದರ ಇಂಟರ್ವಲ್ ಒಂದು ಸಂಖ್ಯೆಯಲ್ಲ, ಮೂರು ಖಾನೆ: ತಿಂಗಳು, ದಿನ, ಮೈಕ್ರೋಸೆಕೆಂಡು. ಒಟ್ಟು 16 ಬೈಟು. ‘1 ಡೇ’ ಎಂದರೆ ದಿನದ ಖಾನೆಯಲ್ಲಿ 1. ‘24 ಅವರ್ಸ್’ ಎಂದರೆ ಮೈಕ್ರೋಸೆಕೆಂಡಿನ ಖಾನೆಯಲ್ಲಿ ಮೌಲ್ಯ. ದಿನದ ಖಾನೆಯನ್ನು ಕೂಡುವಾಗ ಗೋಡೆ ಗಡಿಯಾರದ ಹೊತ್ತು ಹಾಗೇ ಉಳಿದು ತಾರೀಖು ಮುಂದಕ್ಕೆ ಹೋಗುತ್ತದೆ; ಮೈಕ್ರೋಸೆಕೆಂಡು ಕೂಡುವಾಗ ಕಳೆದ ಕಾಲವೇ ಕೂಡುತ್ತದೆ. ನ್ಯೂಯಾರ್ಕ್ ಸೆಷನ್‌ನಲ್ಲಿ (ಸೆಷನ್ ಅಂದರೆ ಡೇಟಾಬೇಸಿನೊಂದಿಗಿನ ಒಂದು ಸಂಪರ್ಕ; ನ್ಯೂಜೆರ್ಸಿಯ ಗಡಿಯಾರಕ್ಕೆ ನ್ಯೂಯಾರ್ಕ್‌ನದೇ ಝೋನ್ ಹೆಸರು) ನವೆಂಬರ್ 1ರ ರಾತ್ರಿ 11ಕ್ಕೆ ‘1 ಡೇ’ ಕೂಡಿದರೆ ನವೆಂಬರ್ 2ರ ರಾತ್ರಿ 11 ಬರುತ್ತದೆ. ‘24 ಅವರ್ಸ್’ ಕೂಡಿದರೆ ನವೆಂಬರ್ 2ರ ರಾತ್ರಿ 10.

ಯಾರ ಗೋಡೆ ಗಡಿಯಾರ ಎಂಬ ಪ್ರಶ್ನೆಗೆ ಉತ್ತರ: ಸೆಷನ್‌ನ ಟೈಮ್‌ಝೋನ್‌ನದು. ಝೋನ್ ಸಹಿತ ಟೈಮ್‌ಸ್ಟ್ಯಾಂಪ್ (ತಾರೀಖು, ಸಮಯ ಎರಡನ್ನೂ ಇಡುವ ಒಂದು ಬಗೆ) ಎಂಬ ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ. ಅದರೊಳಗೆ ಝೋನ್ ಇರುವುದೇ ಇಲ್ಲ. ಇರುವುದು 8 ಬೈಟಿನ ಒಂದು ಯುಟಿಸಿ ಕ್ಷಣ ಮಾತ್ರ; ಒಳಗೆ ಬರುವಾಗ, ಹೊರಗೆ ಹೋಗುವಾಗ, ದಿನ ಕೂಡುವಾಗ ಸೆಷನ್‌ನ ಝೋನ್ ನೋಡಿ ಪರಿವರ್ತನೆಯಾಗುತ್ತದೆ. ಅಂದರೆ ಕ್ವೆರಿಯಲ್ಲಿ (ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ) ಎಲ್ಲೂ ಕಾಣದ ಒಂದು ಸೆಟ್ಟಿಂಗು ಉತ್ತರ ಬದಲಿಸುತ್ತದೆ.

ಕೋಲ್ಕತಾ ಸೆಷನ್‌ನಲ್ಲಿ ‘1 ಡೇ’ಗೂ ‘24 ಅವರ್ಸ್’ಗೂ ವ್ಯತ್ಯಾಸವೇ ಬರುವುದಿಲ್ಲ. ಇಂಥ ದೋಷ ಹಿಡಿದು ಕೇಳಿದಾಗ ಕಚೇರಿಯ ಹುಡುಗರು ಹೇಳುವ ಮಾತು ಒಂದೇ: ‘ಸರ್, ನನ್ನ ಸಿಸ್ಟಮ್‌ನಾಗೆ ಎರಡೂ ಒಂದೇ ಬರ್ತೈತಲ್ಲ!’ ಬಂದೇ ಬರುತ್ತದೆ. ಇಲ್ಲೇ ಕೂತು ವ್ಯತ್ಯಾಸ ನೋಡಲೇಬೇಕೆಂದರೆ 1945ಕ್ಕೆ ಹೋಗಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಗಡಿಯಾರ ಯುಟಿಸಿಗಿಂತ ಆರೂವರೆ ಗಂಟೆ ಮುಂದಿತ್ತು, 1945ರ ಅಕ್ಟೋಬರ್ 15ಕ್ಕೆ ಐದೂವರೆಗೆ ಮರಳಿತು. ಟೈಮ್‌ಝೋನ್ ಡೇಟಾಬೇಸಿನಲ್ಲಿ ಏಷ್ಯಾ/ಕೋಲ್ಕತಾ ಸಾಲಿನಲ್ಲಿ ಅದು ಈಗಲೂ ಇದೆ. ಆ ಅಕ್ಟೋಬರ್ 14ರ ಮಧ್ಯಾಹ್ನ 12ಕ್ಕೆ ‘1 ಡೇ’ ಕೂಡಿ, ಆಮೇಲೆ ‘24 ಅವರ್ಸ್’ ಕೂಡಿ: ಒಂದು ಮರುದಿನದ 12 ಕೊಡುತ್ತದೆ, ಇನ್ನೊಂದು 11. ಹೊಸಬರಿಗೆ ತೋರಿಸಲು ಒಳ್ಳೆಯ ಪ್ರಯೋಗ, ಸೆಷನ್ ಬದಲಿಸುವ ಕಷ್ಟವೂ ಇಲ್ಲ.

ಒಂದೊಂದೇ ದೂರು ಬಿಡಿಸಿದಾಗ

ಸಂಬಳದ ಗಂಟೆ. ಪಂಚ್ ಕೋಷ್ಟಕದಲ್ಲಿ ಒಳಬಂದ ಸಮಯ, ಹೊರಹೋದ ಸಮಯ ಎರಡೂ ಝೋನ್ ಇಲ್ಲದ ಟೈಮ್‌ಸ್ಟ್ಯಾಂಪ್ ಕಾಲಂಗಳು. ಯಂತ್ರ ತೋರಿಸಿದ ಅಂಕಿ ಹಾಗೇ ಕೂತಿದೆ. ಅವನ್ನು ಒಂದರಿಂದೊಂದು ಕಳೆದರೆ 23:00 ಮತ್ತು 07:00ರ ನಡುವೆ ಎಂಟು ಗಂಟೆಯೇ, ಎಲ್ಲ ಊರಿನಲ್ಲೂ, ಎಲ್ಲ ರಾತ್ರಿಯೂ. ಗಡಿಯಾರ ಹಿಂದೆ ಹೋದ ಸುದ್ದಿ ಆ ಕಾಲಂಗೆ ತಲುಪುವ ದಾರಿಯೇ ಇಲ್ಲ. ಮಾರ್ಚ್ 8–9ರ ರಾತ್ರಿಯೂ ಇದೇ ಎಂಟು ಬಂದಿತ್ತು. ದುಡಿದದ್ದು ಏಳು (ಯುಟಿಸಿ 04:00ರಿಂದ 11:00). ಆಗ ಹೆಚ್ಚು ಸಂಬಳ ಹೋದದ್ದರಿಂದ ಯಾರೂ ಕೇಳಿರಲಿಲ್ಲ.

ಅಮೆರಿಕದ ಕೇಂದ್ರ ಕಾರ್ಮಿಕ ಕಾನೂನಿನ ಪ್ರಕಾರ ಸಂಬಳ ನಿಜವಾಗಿ ದುಡಿದ ಗಂಟೆಗೆ. ವೃದ್ಧಾಶ್ರಮಗಳಿಗೆ ಇನ್ನೊಂದು ಸುತ್ತು ಇದೆ: ಸಿಬ್ಬಂದಿಯೊಂದಿಗೆ ಮೊದಲೇ ಒಪ್ಪಂದವಾಗಿದ್ದರೆ ವಾರಕ್ಕೆ 40 ಗಂಟೆಯ ಮಿತಿಯ ಬದಲು ದಿನಕ್ಕೆ 8 ಅಥವಾ 14 ದಿನಕ್ಕೆ 80 ಗಂಟೆ ಮೀರಿದ್ದಕ್ಕೆ ಒಂದೂವರೆ ಪಟ್ಟು ಕೊಡುವ ಪದ್ಧತಿ ಇಟ್ಟುಕೊಳ್ಳಬಹುದು. ಗಂಟೆಗೆ 18 ಡಾಲರ್ ಎಂದಿಟ್ಟುಕೊಳ್ಳಿ. ಕೊಟ್ಟದ್ದು 144. ಈ ಪದ್ಧತಿಯಲ್ಲಿ ಒಂಬತ್ತನೇ ಗಂಟೆ 27 ಡಾಲರ್, ಕೊಡಬೇಕಾದದ್ದು 171. ವಾರದ 40ರ ಪದ್ಧತಿಯಲ್ಲಿದ್ದವರಿಗೂ ಐದು ರಾತ್ರಿ ದುಡಿದಿದ್ದರೆ ಮೊತ್ತ 40ರಿಂದ 41ಕ್ಕೆ ಏರಿ ಅದೇ 27 ಸೇರುತ್ತದೆ. ಒಂದು ಗಂಟೆಯ ತಪ್ಪು ಒಂದೂವರೆ ಗಂಟೆಯ ಬಾಕಿಯಾಗುವುದು ಹೀಗೆ. ರಾಜ್ಯಗಳ ಕಾನೂನು ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ತಡ ಬಂದವರ ಪಟ್ಟಿ. ಪಾಳಿಪಟ್ಟಿಯನ್ನು ಅಕ್ಟೋಬರ್ 27ರಿಂದ ಆರು ವಾರಕ್ಕೆ ಸಾಲುಸಾಲಾಗಿ ಸಮಯಗಳನ್ನು ಹುಟ್ಟಿಸುವ ‘ಜನರೇಟ್ ಸೀರೀಸ್’ ಬಳಸಿ, ‘1 ಡೇ’ ಹೆಜ್ಜೆಯಲ್ಲಿ ಸೃಷ್ಟಿಸಿದ್ದರು. ಹೆಜ್ಜೆ ಸರಿಯಾದದ್ದೇ, ಕ್ಯಾಲೆಂಡರಿನ ಹೆಜ್ಜೆ. ಆದರೆ ಸೆಷನ್ ಕೋಲ್ಕತಾದ್ದು. ಹಾಗಾಗಿ ‘ನಾಳೆ ಇದೇ ಹೊತ್ತಿಗೆ’ ಎಂದರೆ ದಾವಣಗೆರೆಯ ಇದೇ ಹೊತ್ತಿಗೆ ಎಂದಾಯಿತು. ಬೇಸಿಗೆ ಗಡಿಯಾರದಲ್ಲಿ ನ್ಯೂಜೆರ್ಸಿಯ ರಾತ್ರಿ 11 ನಮ್ಮ ಬೆಳಗ್ಗೆ 8:30. ಪಟ್ಟಿ ದಿನಾ 8:30ಕ್ಕೇ ಹೆಜ್ಜೆಯಿಟ್ಟಿತು. ನವೆಂಬರ್ 2ರಿಂದ ಆ 8:30 ಅಲ್ಲಿನ ರಾತ್ರಿ 10. ಸರಿಯಾಗಿ 11ಕ್ಕೆ ಬಂದವರೆಲ್ಲ 60 ನಿಮಿಷ ತಡ. ಕ್ವೆರಿ ಓದಿ ತಪ್ಪು ಹುಡುಕುವವರಿಗೆ ಇದು ಸಿಗುವುದಿಲ್ಲ, ಏಕೆಂದರೆ ಕ್ವೆರಿಯಲ್ಲಿ ತಪ್ಪಿಲ್ಲ.

ಕಾಣೆಯಾದ ಪಂಚ್‌ಗಳು. ದಿನದ ವರದಿ ಬರೆದವರು ಇದರ ತದ್ವಿರುದ್ಧ ಮಾಡಿದ್ದರು. ದಿನದ ಆರಂಭವನ್ನು ನ್ಯೂಯಾರ್ಕ್ ಝೋನ್‌ನಲ್ಲಿ ಸರಿಯಾಗಿಯೇ ಹಿಡಿದು, ಅಂತ್ಯಕ್ಕೆ ‘24 ಅವರ್ಸ್’ ಕೂಡಿದ್ದರು. ನವೆಂಬರ್ 2 ಅಲ್ಲಿ 25 ಗಂಟೆಯ ದಿನ. ಆರಂಭ ಯುಟಿಸಿ 04:00, ಅದಕ್ಕೆ 24 ಸೇರಿದರೆ ಮರುದಿನದ 04:00, ಅಂದರೆ ಅಲ್ಲಿ ಅದೇ ದಿನದ ರಾತ್ರಿ 11. ಸೋಮವಾರದ ವರದಿ ಶುರುವಾಗುವುದು ಯುಟಿಸಿ 05:00ರಿಂದ. ನಡುವಿನ ಒಂದು ಗಂಟೆ ಯಾರ ಲೆಕ್ಕಕ್ಕೂ ಇಲ್ಲ. ರಾತ್ರಿ ಪಾಳಿ ಶುರುವಾಗುವುದು ಸರಿಯಾಗಿ 11ಕ್ಕೇ ಆದ್ದರಿಂದ ಮುಂಚೆ ಬಂದವರು ಉಳಿದರು, ಹೊತ್ತಿಗೆ ಸರಿಯಾಗಿ ಬಂದವರು ಹೋದರು. ಮಾರ್ಚ್‌ನಲ್ಲಿ ಇದೇ ಕೋಡು ಉಲ್ಟಾ ಕೆಲಸ ಮಾಡುತ್ತದೆ: 23 ಗಂಟೆಯ ದಿನಕ್ಕೆ 24 ಸೇರಿಸಿ, ಮರುದಿನದ ಮೊದಲ ಒಂದು ಗಂಟೆಯನ್ನು ಎರಡು ವರದಿಗಳಲ್ಲೂ ಎಣಿಸುತ್ತದೆ.

ಆತುರದ ರಿಪೇರಿ ಕೆಡಿಸಿದ್ದು

ಮೊದಲ ಪ್ರಯತ್ನ ಎಲ್ಲರೂ ಮಾಡುವಂಥದೇ: ಕಾಲಂನ ಬಗೆಯನ್ನು ಝೋನ್ ಸಹಿತ ಟೈಮ್‌ಸ್ಟ್ಯಾಂಪಿಗೆ ಬದಲಿಸುವ ಒಂದೇ ಸಾಲಿನ ಆಲ್ಟರ್ ಟೇಬಲ್ ಆದೇಶ. ಪುಣ್ಯಕ್ಕೆ ಪರೀಕ್ಷಾ ಪ್ರತಿಯ ಮೇಲೆ. ಸೆಷನ್ ಕೋಲ್ಕತಾದ್ದಾದ್ದರಿಂದ ಡೇಟಾಬೇಸು ಹಳೆಯ ಅಂಕಿಗಳನ್ನೆಲ್ಲ ಭಾರತದ ಸಮಯ ಎಂದು ಓದಿತು. ನವೆಂಬರ್ 1ರ 23:00 ಯುಟಿಸಿಯಲ್ಲಿ ನವೆಂಬರ್ 2ರ 03:00 ಆಗಬೇಕಿತ್ತು, ನವೆಂಬರ್ 1ರ 17:30 ಆಯಿತು. ಬೇಸಿಗೆಯ ಸಾಲುಗಳು 9:30 ಗಂಟೆ, ಚಳಿಗಾಲದ ಸಾಲುಗಳು 10:30 ಗಂಟೆ ಆಚೀಚೆ. ಇನ್ನೂ ಕೆಟ್ಟದ್ದೆಂದರೆ ಬದಲಾವಣೆ ಯಾವ ದೋಷವನ್ನೂ ತೋರಿಸದೆ ಮುಗಿಯಿತು.

ಸರಿಯಾದ ದಾರಿ, ಅದೇ ಆಲ್ಟರ್‌ಗೆ ಯೂಸಿಂಗ್ ಭಾಗ (ಹಳೆಯ ಮೌಲ್ಯವನ್ನು ಹೇಗೆ ಪರಿವರ್ತಿಸಬೇಕೆಂದು ಹೇಳುವ ಭಾಗ) ಸೇರಿಸಿ ‘ಆ್ಯಟ್ ಟೈಮ್ ಝೋನ್ ಅಮೆರಿಕ/ನ್ಯೂಯಾರ್ಕ್’ ಎಂದು ಹೇಳುವುದು. ಇಲಿನಾಯ್ ಸಾಲುಗಳಿಗೆ ಅಮೆರಿಕ/ಶಿಕಾಗೊ. ಆದ್ದರಿಂದ ಮೊದಲು ವೃದ್ಧಾಶ್ರಮಗಳ ಕೋಷ್ಟಕದಲ್ಲಿ ಝೋನ್ ಹೆಸರಿನ ಕಾಲಂ ಬೇಕು. ಆಲ್ಟರ್‌ನ ಯೂಸಿಂಗ್ ಭಾಗದಲ್ಲಿ ಸಬ್‌ಕ್ವೆರಿ (ಬೇರೆ ಕೋಷ್ಟಕ ನೋಡಿ ಬರುವ ಒಳಗಿನ ಕ್ವೆರಿ) ನಡೆಯುವುದಿಲ್ಲ. ಹಾಗಾಗಿ ಹೊಸ ಕಾಲಂ ಸೇರಿಸಿ, ಅಪ್‌ಡೇಟ್‌ನಲ್ಲಿ ಜೋಡಿಸಿ ತುಂಬಿ, ತಾಳೆ ನೋಡಿದ ಮೇಲೆ ಹಳೆಯದನ್ನು ತೆಗೆಯುವುದೇ ಒಳ್ಳೆಯದು. ಹಳೆಯ ಕಾಲಂ ಒಂದು ಸಂಬಳದ ಅವಧಿಯಾದರೂ ಇರಲಿ. ಎರಡೂ ಬಗೆ 8 ಬೈಟೇ, ಜಾಗದ ಚಿಂತೆ ಬೇಡ.

ಆ್ಯಟ್ ಟೈಮ್ ಝೋನ್ ಎರಡು ಮುಖದ್ದು ಎಂಬುದನ್ನು ಮರೆತರೆ ಕೆಲಸ ಕೆಟ್ಟಿತು. ಝೋನ್ ಇಲ್ಲದ ಮೌಲ್ಯ ಕೊಟ್ಟರೆ ‘ಇದು ಆ ಊರಿನ ಗೋಡೆ ಸಮಯ’ ಎಂದು ತಿಳಿದು ಕ್ಷಣವನ್ನು ಕೊಡುತ್ತದೆ. ಕ್ಷಣವನ್ನು ಕೊಟ್ಟರೆ ಆ ಊರಿನ ಗೋಡೆ ಸಮಯವನ್ನು ಕೊಡುತ್ತದೆ. ಡೇಟ್ ಬಗೆಯ ಮೌಲ್ಯವನ್ನು ನೇರವಾಗಿ ಕೊಟ್ಟರೆ ಅದು ಸೆಷನ್‌ನ ಝೋನ್‌ನಲ್ಲಿ ಮೊದಲು ಕ್ಷಣವಾಗಿ, ಆಮೇಲೆ ತಿರುಗುತ್ತದೆ. ಕೋಲ್ಕತಾ ಸೆಷನ್‌ನಲ್ಲಿ ನವೆಂಬರ್ 2 ಎಂಬ ತಾರೀಖನ್ನು ಹೀಗೆ ಕೊಟ್ಟರೆ ಕೈಗೆ ಬರುವುದು ನವೆಂಬರ್ 1ರ ಮಧ್ಯಾಹ್ನ 2:30. ತಾರೀಖನ್ನು ಮೊದಲು ಝೋನ್ ಇಲ್ಲದ ಟೈಮ್‌ಸ್ಟ್ಯಾಂಪಿಗೆ ಬದಲಿಸಿ ಆಮೇಲೆ ಝೋನ್ ಹಚ್ಚಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಗಂಟೆಯ ಸಾಲುಗಳು ತಪ್ಪೇ ಉಳಿಯುತ್ತವೆ. ನವೆಂಬರ್ 2ರ 1:00ರಿಂದ 1:59ರ ಅಂಕಿಗಳು ಎರಡು ಬಾರಿ ಬರುತ್ತವೆ. ಪೋಸ್ಟ್‌ಗ್ರೆಸ್‌ನ ನಿಯಮ, ಇಂಥ ಸಮಯವನ್ನು ಬದಲಾವಣೆಯ ನಂತರದ್ದು, ಅಂದರೆ ಚಳಿಗಾಲದ್ದು ಎಂದು ಓದುವುದು. (ಮಾರ್ಚ್‌ನಲ್ಲಿ ಇಲ್ಲವೇ ಇಲ್ಲದ 2:30 ಕೊಟ್ಟರೆ ಬದಲಾವಣೆಗೆ ಮುಂಚಿನ ಲೆಕ್ಕ ಹಿಡಿದು 3:30 ಮಾಡಿಕೊಳ್ಳುತ್ತದೆ. ದೋಷ ಕೊಡುವುದಿಲ್ಲ.) ಹೀಗಾಗಿ ವಿರಾಮಕ್ಕೆ ಹೋದ ಬೇಸಿಗೆಯ 1:50 ಚಳಿಗಾಲದ 1:50 ಆಗಿ ಒಂದು ಗಂಟೆ ಮುಂದೆ ಕೂರುತ್ತದೆ. ವಿರಾಮ ಮತ್ತೆ ಮೈನಸ್ 40 ನಿಮಿಷ.

ಇದನ್ನು ಗಣಿತದಿಂದ ಬಿಡಿಸಲಾಗದು, ಸಾಕ್ಷಿ ಬೇಕು. ಎರಡು ಸಾಕ್ಷಿ ಸಿಕ್ಕವು. ಪಂಚಿಂಗ್ ಯಂತ್ರ ಪ್ರತಿ ಬೆರಳಿಗೂ ಏರುವ ಕ್ರಮಸಂಖ್ಯೆ ಕೊಡುತ್ತದೆ. ಯಂತ್ರವಾರು ಕ್ರಮಸಂಖ್ಯೆಯಲ್ಲಿ ಜೋಡಿಸಿ, ಲ್ಯಾಗ್ ಫಂಕ್ಷನ್‌ನಿಂದ ಹಿಂದಿನ ಸಾಲಿನ ಸಮಯದೊಂದಿಗೆ ಹೋಲಿಸಿದರೆ, ಸಮಯ ಹಿಂದಕ್ಕೆ ಜಾರಿದ ಜಾಗವೇ ಬದಲಾವಣೆಯ ಜಾಗ. ಅದಕ್ಕೆ ಮೊದಲಿನ 1:xx ಸಾಲುಗಳಿಗೆ ಮೈನಸ್ 4, ನಂತರದವಕ್ಕೆ ಮೈನಸ್ 5. ಆದರೆ ಆ ಎರಡು ಗಂಟೆಯಲ್ಲಿ ಎರಡೇ ಬೆರಳು ಬಿದ್ದ ಯಂತ್ರವೂ ಇರುತ್ತದೆ: ಮೊದಲು 1:10, ಆಮೇಲೆ 1:30. ಜಾರಿದ ಗುರುತೇ ಇಲ್ಲ, 20 ನಿಮಿಷವೂ ಇರಬಹುದು, 80 ನಿಮಿಷವೂ ಇರಬಹುದು. ಅಲ್ಲಿ ಕೆಲಸಕ್ಕೆ ಬಂದದ್ದು ಸಾಲು ಡೇಟಾಬೇಸಿಗೆ ಬಂದಿಳಿದ ಕ್ಷಣದ ಕಾಲಂ. ಅದು ಮೊದಲಿನಿಂದಲೂ ಝೋನ್ ಸಹಿತ ಬಗೆಯದೇ ಆಗಿತ್ತು. ಯಾವ ಓದಿಗೆ ಬಂದಿಳಿದ ಕ್ಷಣ ಹತ್ತಿರವೋ ಅದನ್ನೇ ಹಿಡಿದರು. ಮೂರು ಸಾಲು ಇದರಿಂದಲೂ ಬಗೆಹರಿಯಲಿಲ್ಲ, ಏಕೆಂದರೆ ಫೈಲು ಎರಡು ಗಂಟೆ ತಡವಾಗಿ ಒಟ್ಟಿಗೆ ಬಂದಿತ್ತು. ಅವನ್ನು ಮೇಲ್ವಿಚಾರಕರ ಕೈಬರಹದ ಪುಸ್ತಕ ನೋಡಿ ತುಂಬಿದರು, ಹಾಗೆ ತುಂಬಿದ್ದೆಂದು ಪಕ್ಕದಲ್ಲಿ ಗುರುತೂ ಹಾಕಿದರು.

ಕೊನೆಗೆ ನಿಂತ ವ್ಯವಸ್ಥೆ

ನಡೆದುಹೋದದ್ದಕ್ಕೆ ಕ್ಷಣ, ಮುಂದೆ ನಡೆಯಬೇಕಾದದ್ದಕ್ಕೆ ಗೋಡೆ ಸಮಯ ಮತ್ತು ಝೋನ್ ಹೆಸರು. ವ್ಯವಸ್ಥೆಯ ಬೆನ್ನೆಲುಬು ಇದೇ. ಪಂಚ್‌ಗಳು ಝೋನ್ ಸಹಿತ ಬಗೆಯಲ್ಲಿ ಕೂತವು. ಯಂತ್ರದ ಸೆಟ್ಟಿಂಗ್ ಬದಲಿಸಿ ಫೈಲಿನಲ್ಲೇ ಆಫ್‌ಸೆಟ್ (ಯುಟಿಸಿಯಿಂದ ಎಷ್ಟು ಗಂಟೆ ಆಚೀಚೆ ಎಂಬುದು) ಬರುವಂತೆ ಮಾಡಿದರು, ಮುಂದಿನ ನವೆಂಬರ್‌ನಲ್ಲಿ ಊಹೆಯ ಕೆಲಸ ಇಲ್ಲ. ಪಾಳಿಪಟ್ಟಿ ಮಾತ್ರ ‘ರಾತ್ರಿ 11, ಅಮೆರಿಕ/ನ್ಯೂಯಾರ್ಕ್’ ಎಂದೇ ಉಳಿಯುತ್ತದೆ, ಹೋಲಿಸುವ ಹೊತ್ತಿಗೆ ಕ್ಷಣವಾಗುತ್ತದೆ. ಮುಂದಿನದನ್ನೂ ಯುಟಿಸಿಯಲ್ಲೇ ಇಡಿ ಎಂಬ ಸಲಹೆ ಬಹಳ ಕಡೆ ಕೇಳಿಬರುತ್ತದೆ, ನಾವು ಒಪ್ಪುವುದಿಲ್ಲ. ಮೆಕ್ಸಿಕೊ 2022ರ ಅಕ್ಟೋಬರ್‌ನಲ್ಲಿ ದೇಶದ ಬಹುಭಾಗದಲ್ಲಿ ಗಡಿಯಾರ ಬದಲಿಸುವ ಪದ್ಧತಿಯನ್ನೇ ಕೈಬಿಟ್ಟಿತು. 2023ರ ಬೇಸಿಗೆಯ ಭೇಟಿಗಳನ್ನು ಮೊದಲೇ ಯುಟಿಸಿಗೆ ಬದಲಿಸಿಟ್ಟವರ ಲೆಕ್ಕವೆಲ್ಲ ಒಂದು ಗಂಟೆ ಜಾರಿತು. ಅಮೆರಿಕದ ಸೆನೆಟ್ ಕೂಡ 2022ರ ಮಾರ್ಚ್‌ನಲ್ಲಿ ಬೇಸಿಗೆ ಗಡಿಯಾರವನ್ನೇ ಕಾಯಂ ಮಾಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು, ಕೆಳಮನೆಯಲ್ಲಿ ಅದು ಮುಂದೆ ಹೋಗಲಿಲ್ಲ.

ಪಾಳಿಪಟ್ಟಿಯ ಸೃಷ್ಟಿ ಈಗ ಝೋನ್ ಇಲ್ಲದ ಟೈಮ್‌ಸ್ಟ್ಯಾಂಪ್‌ಗಳಲ್ಲೇ ನಡೆಯುತ್ತದೆ. ಎಲ್ಲ ದಿನಗಳು ಬಂದ ಮೇಲೆ ಪ್ರತಿಯೊಂದಕ್ಕೂ ಝೋನ್ ಹಚ್ಚುತ್ತಾರೆ. ಪೋಸ್ಟ್‌ಗ್ರೆಸ್ 16ರಿಂದ ಜನರೇಟ್ ಸೀರೀಸ್‌ಗೇ ಝೋನ್ ಹೆಸರು ಕೊಡಬಹುದು, ‘ಡೇಟ್ ಆ್ಯಡ್’ ಫಂಕ್ಷನ್ನಿಗೂ. ಆವೃತ್ತಿ ಏರಿಸಿದಾಗ ಅದು ಸಲೀಸು.

ದಿನದ ವರದಿಯ ಎರಡು ಗಡಿಗಳೂ ಒಂದೇ ರೀತಿ ಹುಟ್ಟಬೇಕು: ತಾರೀಖಿನ ಮಧ್ಯರಾತ್ರಿಗೆ ಝೋನ್ ಹಚ್ಚಿದ್ದು ಆರಂಭ, ತಾರೀಖಿಗೆ 1 ಕೂಡಿ ಆ ಮಧ್ಯರಾತ್ರಿಗೆ ಝೋನ್ ಹಚ್ಚಿದ್ದು ಅಂತ್ಯ. ಆರಂಭ ಸೇರಲಿ, ಅಂತ್ಯ ಸೇರದಿರಲಿ. ಎರಡೂ ಗಡಿಗಳನ್ನು ಸೇರಿಸಿಕೊಳ್ಳುವ ಬಿಟ್ವೀನ್ ಬಳಸಿದರೆ ಸರಿಯಾಗಿ ಮಧ್ಯರಾತ್ರಿಯ ಸಾಲು ಎರಡೂ ದಿನಕ್ಕೆ ಬೀಳುತ್ತದೆ. ಪರಿವರ್ತನೆಯನ್ನು ಕಾಲಂ ಮೇಲೆ ಹಾಕದೆ ಗಡಿಗಳ ಮೇಲೆ ಹಾಕಿದರೆ ಇಂಡೆಕ್ಸೂ (ಬೇಗ ಹುಡುಕಲು ಇಟ್ಟ ಸೂಚಿ) ಕೆಲಸ ಮಾಡುತ್ತದೆ. ಚಿಲಿಯಂಥ ಕಡೆ ಗಡಿಯಾರ ಮಧ್ಯರಾತ್ರಿಯಲ್ಲೇ ಹಾರುವುದರಿಂದ ಆ ದಿನಕ್ಕೆ 00:00 ಎಂಬುದೇ ಇಲ್ಲ. ಮೇಲೆ ಹೇಳಿದ ನಿಯಮದಿಂದಾಗಿ ಈ ಕ್ರಮ ಅಲ್ಲೂ ದಿನದ ಮೊದಲ ಕ್ಷಣವನ್ನೇ ಕೊಡುತ್ತದೆ.

ಸಂಬಳದ ಗಂಟೆಗೆ ಕ್ಷಣದಿಂದ ಕ್ಷಣ ಕಳೆದು ಎಪಾಕ್ ಸೆಕೆಂಡು (ಒಟ್ಟು ಸೆಕೆಂಡುಗಳ ಲೆಕ್ಕ) ತೆಗೆದು 3600ರಿಂದ ಭಾಗಿಸುವುದು, ಅಷ್ಟೇ. ಏಜ್ ಫಂಕ್ಷನ್ ಇಲ್ಲಿ ಬೇಡ, ಅದು ತಿಂಗಳು–ದಿನಗಳಲ್ಲಿ ಮಾತಾಡುತ್ತದೆ. ಕೂಡಿಟ್ಟ ಇಂಟರ್ವಲ್‌ನಿಂದ ಎಪಾಕ್ ತೆಗೆಯುವಾಗ ತಿಂಗಳು 30 ದಿನ, ದಿನ 86,400 ಸೆಕೆಂಡು ಎಂದೇ ಹಿಡಿಯುತ್ತದೆ ಎಂಬುದೂ ಗೊತ್ತಿರಲಿ.

ಝೋನ್ ಬರೆಯುವ ರೀತಿಯಲ್ಲಿ ಮೂರು ಗುಂಡಿಗಳಿವೆ. ‘ಇಎಸ್‌ಟಿ’ (ಅಮೆರಿಕದ ಪೂರ್ವ ಭಾಗದ ಚಳಿಗಾಲದ ಸಮಯ) ಎಂದು ಬರೆದರೆ ವರ್ಷವಿಡೀ ಮೈನಸ್ 5, ಬೇಸಿಗೆಯ ಅರಿವೇ ಇಲ್ಲ. ಹಳೆಯ ಎರಡು ವರದಿಗಳಲ್ಲಿ ಇದು ಸಿಕ್ಕಿತು. ‘ಯುಟಿಸಿ+5:30’ ಎಂದು ಬರೆದರೆ ಪಾಸಿಕ್ಸ್ (ಯುನಿಕ್ಸ್ ವ್ಯವಸ್ಥೆಗಳ ಮಾನದಂಡ) ಪದ್ಧತಿಯಲ್ಲಿ ಚಿಹ್ನೆ ತಿರುವು ಮುರುವಾಗಿ ಐದೂವರೆ ಗಂಟೆ ಹಿಂದಿನ ಝೋನ್ ಆಗುತ್ತದೆ. ಇನ್ನು ‘ಐಎಸ್‌ಟಿ’: ಪೋಸ್ಟ್‌ಗ್ರೆಸ್‌ನ ಮೂಲ ಪಟ್ಟಿಯಲ್ಲಿ ಅದು ಇಸ್ರೇಲಿನ ಸಮಯ, ಯುಟಿಸಿಗಿಂತ ಎರಡು ಗಂಟೆ ಮುಂದೆ! ಭಾರತದ್ದು ಬೇಕಾದರೆ ಸಂಕ್ಷೇಪಗಳ ಸೆಟ್ಟಿಂಗನ್ನು ‘ಇಂಡಿಯಾ’ಗೆ ಬದಲಿಸಬೇಕು. ಆವೃತ್ತಿ 18ರಿಂದ ಸೆಷನ್‌ನ ಝೋನ್‌ನ ಸಂಕ್ಷೇಪವನ್ನು ಮೊದಲು ನೋಡುತ್ತದೆ. ಆದರೂ ಪೂರ್ತಿ ಹೆಸರು ಬರೆಯುವುದೇ ಕ್ಷೇಮ.

ಬೇರೆ ಡೇಟಾಬೇಸಿನವರು ಇದೇ ಪಾಠವನ್ನು ಹಾಗೇ ಎತ್ತಿಕೊಳ್ಳಬೇಡಿ. ಮೈಎಸ್‌ಕ್ಯುಎಲ್‌ನಲ್ಲಿ ಟೈಮ್‌ಸ್ಟ್ಯಾಂಪ್ ಕಾಲಂ ಒಳಗೆ ಯುಟಿಸಿಯೇ, ಆದರೆ ಟೈಮ್‌ಸ್ಟ್ಯಾಂಪ್‌ಡಿಫ್ ಗೋಡೆ ಸಮಯವನ್ನೇ ಕಳೆಯುತ್ತದೆ. ನ್ಯೂಯಾರ್ಕ್ ಸೆಷನ್‌ನಲ್ಲಿ ಆ ಪಾಳಿಗೆ 540ರ ಬದಲು 480 ನಿಮಿಷ ಕೊಡುತ್ತದೆ. ಯುನಿಕ್ಸ್ ಟೈಮ್‌ಸ್ಟ್ಯಾಂಪ್ ಫಂಕ್ಷನ್ನಿಗೆ ಕಾಲಂ ಕೊಟ್ಟು ಕಳೆದರೆ ಸರಿ ಬರುತ್ತದೆ. ಝೋನ್ ಕೋಷ್ಟಕಗಳನ್ನು ತುಂಬಿರದಿದ್ದರೆ ಹೆಸರು ಕೊಟ್ಟು ಕನ್ವರ್ಟ್ ಟಿಝಡ್ ಕರೆದಾಗ ಸದ್ದಿಲ್ಲದೆ ನಲ್ (ಖಾಲಿ ಮೌಲ್ಯ) ಬರುತ್ತದೆ. ಒರಾಕಲ್‌ನಲ್ಲಿ ಝೋನ್ ಸಹಿತ ಟೈಮ್‌ಸ್ಟ್ಯಾಂಪ್ ಝೋನ್ ಹೆಸರನ್ನೂ ಇಟ್ಟುಕೊಳ್ಳುತ್ತದೆ, ಆದರೆ ಕೂಡುವುದು ಯುಟಿಸಿಯಲ್ಲಿ; ಹಾಗಾಗಿ ಅಲ್ಲಿ ಒಂದು ದಿನ ಕೂಡಿದರೂ 24 ಗಂಟೆಯೇ, ನವೆಂಬರ್ 2ಕ್ಕೆ ರಾತ್ರಿ 10. ಇಲ್ಲದ ಸಮಯ ಕೊಟ್ಟರೆ 01878 ಎಂಬ ದೋಷಸಂಖ್ಯೆ ಬರುತ್ತದೆ, ನಮ್ಮ ಮಟ್ಟಿಗೆ ಅದು ಒಳ್ಳೆಯ ಗುಣ. ಎಸ್‌ಕ್ಯುಎಲ್ ಸರ್ವರ್‌ನ ಡೇಟ್‌ಟೈಮ್‌ಆಫ್‌ಸೆಟ್ ಆಫ್‌ಸೆಟ್ ಮಾತ್ರ ಹಿಡಿದಿರುತ್ತದೆ, ಝೋನ್ ಅಲ್ಲ. ದಿನ ಕೂಡಿದರೆ ಮೈನಸ್ 4 ಹಾಗೇ ಉಳಿಯುತ್ತದೆ.

ಹಳೆಯ ಲೆಕ್ಕ, ಮುಂದಿನ ಪರೀಕ್ಷೆ

ಚೆಕ್ ಕನ್‌ಸ್ಟ್ರೇಂಟ್ ಹಾಕಿದ್ದೇ 2025ರ ಜುಲೈನಲ್ಲಿ. ಅದಕ್ಕೆ ಮೊದಲು ಮೈನಸ್ ವಿರಾಮಗಳು ಸುಮ್ಮನೆ ಮೊತ್ತದಲ್ಲಿ ಕರಗಿ ಹೋಗಿದ್ದವು. ಹಾಗಾಗಿ 2023ರ ಮಾರ್ಚ್ 12, ನವೆಂಬರ್ 5, 2024ರ ಮಾರ್ಚ್ 10, ನವೆಂಬರ್ 3, 2025ರ ಮಾರ್ಚ್ 9 ಮತ್ತು ನವೆಂಬರ್ 2, ಈ ಆರು ರಾತ್ರಿಗಳ ಸಂಬಳ ಮತ್ತೆ ಲೆಕ್ಕವಾಯಿತು. ಮಾರ್ಚ್‌ನಲ್ಲಿ ಹೆಚ್ಚು ಕೊಟ್ಟದ್ದನ್ನು ನವೆಂಬರ್‌ನ ಬಾಕಿಗೆ ವಜಾ ಹಾಕಿಬಿಡೋಣ ಎಂಬ ಮಾತು ಇಂಥ ಹೊತ್ತಿನಲ್ಲಿ ಬಂದೇ ಬರುತ್ತದೆ. ಹಾಗೆ ಮಾಡಬಾರದು. ಹೆಚ್ಚುವರಿ ದುಡಿಮೆಯ ಲೆಕ್ಕ ಆಯಾ ಅವಧಿಯೊಳಗೇ ಮುಗಿಯಬೇಕು, ಎರಡು ರಾತ್ರಿಗಳಲ್ಲಿ ದುಡಿದವರೂ ಬೇರೆ ಬೇರೆ. ಕಾನೂನಿನಲ್ಲಿ ಕೆಲಸದ ವಾರ ಎಂದರೆ 168 ಗಂಟೆ ಎಂದಿದೆ, ಆದರೆ ನವೆಂಬರ್‌ನ ಆ ಕ್ಯಾಲೆಂಡರ್ ವಾರ 169 ಗಂಟೆಯದು. ವಾರದ ಗಡಿ ಎಲ್ಲಿ ಬೀಳಬೇಕೆಂಬುದನ್ನು ಗ್ರಾಹಕರಿಂದ ಬರಹದಲ್ಲೇ ಪಡೆದರು. ಅದನ್ನು ಪ್ರೋಗ್ರಾಮರ್ ತೀರ್ಮಾನಿಸುವಂತಿಲ್ಲ.

ಈಗ ಕೋಡಿನ ಪ್ರತಿ ಬದಲಾವಣೆಯ ಜೊತೆ ಓಡುವ ಪರೀಕ್ಷೆಯಲ್ಲಿ ಇಷ್ಟಿವೆ. ಮಾರ್ಚ್ 8–9ರ ಪಾಳಿ 7 ಗಂಟೆ, ನವೆಂಬರ್ 1–2ರದು 9. ಮಾರ್ಚ್ 9ರ ದಿನ 1,380 ನಿಮಿಷ, ನವೆಂಬರ್ 2ರದು 1,500. ಬದಲಾವಣೆಯ ಆಚೀಚಿನ ಪಾಳಿಗಳು ಎರಡೂ ರಾತ್ರಿ 11ಕ್ಕೇ ಶುರು. ಶಿಕಾಗೊ ಝೋನ್‌ನಲ್ಲಿ ಇವೇ ಮತ್ತೊಮ್ಮೆ. ಗಡಿಯಾರ ಅರ್ಧ ಗಂಟೆ ಮಾತ್ರ ಹಂದುವ ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪವೂ ಇದೆ, ಯಾರಾದರೂ ‘ಒಂದು ಗಂಟೆ’ ಎಂದು ಕೋಡಿನಲ್ಲಿ ಬರೆದಿದ್ದರೆ ಸಿಕ್ಕಿಬೀಳಲಿ ಎಂದು. ಇವಷ್ಟನ್ನೂ ಕೋಲ್ಕತಾ, ಯುಟಿಸಿ, ನ್ಯೂಯಾರ್ಕ್ ಎಂಬ ಮೂರು ಸೆಷನ್‌ಗಳಲ್ಲಿ ಓಡಿಸುತ್ತಾರೆ. ಯಾವ ಉತ್ತರವಾದರೂ ಸೆಷನ್‌ನಿಂದ ಸೆಷನ್‌ಗೆ ಬದಲಾದರೆ ಆ ಕ್ವೆರಿ ಒಳಗೆ ಹೋಗುವಂತಿಲ್ಲ. ಮೂರು ದೂರುಗಳಲ್ಲಿ ಪಾಳಿಪಟ್ಟಿಯದನ್ನು ಇದೊಂದೇ ಪರೀಕ್ಷೆ ಮೊದಲೇ ಹಿಡಿದುಬಿಡುತ್ತಿತ್ತು. ಉಳಿದೆರಡು ಎಲ್ಲ ಸೆಷನ್‌ಗಳಲ್ಲೂ ಒಂದೇ ರೀತಿ ತಪ್ಪುವಂಥವು. ಅವಕ್ಕೆ ಮೇಲಿನ ಅಂಕಿಗಳೇ ಬೇಕು.

ಸರ್ವರಿನ ಟೈಮ್‌ಝೋನ್ ಡೇಟಾ ಪ್ಯಾಕೇಜನ್ನು ಫೆಬ್ರವರಿ ಮತ್ತು ಅಕ್ಟೋಬರ್‌ನಲ್ಲಿ ನವೀಕರಿಸಿ ಡೇಟಾಬೇಸನ್ನು ಒಮ್ಮೆ ರೀಸ್ಟಾರ್ಟ್ ಮಾಡುತ್ತಾರೆ, ಹಳೆಯ ಸೆಷನ್‌ಗಳು ಹಳೆಯ ನಿಯಮವನ್ನೇ ಹಿಡಿದುಕೊಂಡು ಕೂರಬಾರದೆಂದು. 2026ರ ಬದಲಾವಣೆಗಳು ಮಾರ್ಚ್ 8 ಮತ್ತು ನವೆಂಬರ್ 1ಕ್ಕೆ. ಎರಡನೆಯದು ರಾಜ್ಯೋತ್ಸವದ ದಿನವೇ, ಈ ಬಾರಿ ಭಾನುವಾರ. ಅಂದು ಬೆಳಗ್ಗೆ 11ರಿಂದ ಮಧ್ಯಾಹ್ನ 1ರವರೆಗೆ ತಿರಸ್ಕೃತ ಸಾಲುಗಳ ಪಟ್ಟಿ ನೋಡಲು ಒಬ್ಬರ ಹೆಸರನ್ನು ಡ್ಯೂಟಿ ಚಾರ್ಟಿನಲ್ಲಿ ಈಗಲೇ ಬರೆದಿದ್ದಾರೆ.